ನಮೂದು ಇದೆ, ಓದುಗರಿಗೆ ಸಿಗುತ್ತಿಲ್ಲ: ಜಾಲದಲ್ಲಿರುವ ವಿಜ್ಞಾನ ಪರಾಮರ್ಶನ ಗ್ರಂಥಗಳಿಗೊಂದು ದೋಷ ನಿವಾರಣೆ ಕೈಪಿಡಿ

ವಿಜ್ಞಾನದ ವಿಶ್ವಕೋಶ, ಪಾರಿಭಾಷಿಕ ಪದಕೋಶ, ಸಸ್ಯವರ್ಣನೆಯ ಕೋಶ, ಗಣಿತ ಸೂತ್ರಗಳ ಸಂಗ್ರಹ, ಭೌತ ಸ್ಥಿರಾಂಕಗಳ ಕೋಷ್ಟಕ ಇವನ್ನು ಯಾರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದಿಲ್ಲ. ಓದುಗರು ಒಂದು ಪದವನ್ನೋ ಸಂಖ್ಯೆಯನ್ನೋ ಸೂತ್ರವನ್ನೋ ಹಿಡಿದು ಬರುತ್ತಾರೆ, ಅದಕ್ಕೆ ಸಂಬಂಧಿಸಿದ ನಮೂದನ್ನು ನೋಡುತ್ತಾರೆ, ಅಗತ್ಯವಿದ್ದರೆ ಅಲ್ಲಿಂದ ಒಂದೆರಡು ನಮೂದುಗಳಿಗೆ ಹೋಗಿ ತಮ್ಮ ಕೆಲಸಕ್ಕೆ ಮರಳುತ್ತಾರೆ. ಮುದ್ರಿತ ಗ್ರಂಥದಲ್ಲಿ ಈ ಓಡಾಟಕ್ಕೆ ಅಕಾರಾದಿ ಕ್ರಮವಿತ್ತು, ಪುಟದ ನೆತ್ತಿಯಲ್ಲಿ ಮೊದಲ ಮತ್ತು ಕೊನೆಯ ನಮೂದಿನ ಹೆಸರಿತ್ತು, ‘ನೋಡಿ’ ಎಂಬ ಅಡ್ಡಸೂಚನೆಗಳಿದ್ದವು, ಕೊನೆಯಲ್ಲಿ ಪದಸೂಚಿ ಇತ್ತು. ಅದೇ ಗ್ರಂಥ ಜಾಲಕ್ಕೆ ಬರುವಾಗ ಪಠ್ಯ ಪೂರ್ತಿಯಾಗಿ ಬಂದು ಈ ಸಾಧನಗಳು ಹಿಂದೆಯೇ ಉಳಿಯುವುದು ತೀರ ಸಾಮಾನ್ಯ. ಹುಡುಕುವ ಪೆಟ್ಟಿಗೆಯೊಂದನ್ನು ಇಟ್ಟರೆ ಉಳಿದೆಲ್ಲದರ ಕೆಲಸವನ್ನೂ ಅದೇ ಮಾಡಿಕೊಡುತ್ತದೆ ಎಂಬ ನಂಬಿಕೆಯೇ ಇದಕ್ಕೆ ಮುಖ್ಯ ಕಾರಣ.

‘ನಿಮ್ಮ ತಾಣದಲ್ಲಿ ಏನೂ ಸಿಗುವುದಿಲ್ಲ’ ಎಂಬ ದೂರು ಬಂದಾಗ ನಿರ್ವಾಹಕರು ಸಾಮಾನ್ಯವಾಗಿ ಮುಖಪುಟವನ್ನು ಹೊಸದಾಗಿ ವಿನ್ಯಾಸಗೊಳಿಸಲು ಅಥವಾ ಹುಡುಕಾಟದ ತಂತ್ರಾಂಶವನ್ನೇ ಬದಲಿಸಲು ಹೊರಡುತ್ತಾರೆ. ಇವೆರಡೂ ಕೊನೆಯ ಉಪಾಯಗಳಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಓದುಗರು ತಂದ ಪದಕ್ಕೂ ಅವರಿಗೆ ಬೇಕಾದ ಪರಿಚ್ಛೇದಕ್ಕೂ ನಡುವೆ ಹಲವು ಹಂತಗಳಿವೆ. ಪ್ರತಿಯೊಂದು ಹಂತವನ್ನೂ ಬೇರೆಬೇರೆಯಾಗಿ ಪರೀಕ್ಷಿಸಲು ಸಾಧ್ಯವಿದೆ. ದೋಷ ಯಾವ ಹಂತದಲ್ಲಿದೆ ಎಂದು ತಿಳಿಯದೆ ಮಾಡಿದ ದುರಸ್ತಿಯಿಂದ ಹಳೆಯ ದೋಷ ಹಾಗೇ ಉಳಿದು ಹೊಸದೊಂದು ಸೇರಿಕೊಳ್ಳುತ್ತದೆ. ಆದ್ದರಿಂದ ಪರೀಕ್ಷೆಯನ್ನು ಮುಖಪುಟದಿಂದ ಆರಂಭಿಸಬಾರದು, ಓದುಗರ ಪದದಿಂದ ಆರಂಭಿಸಬೇಕು.

ದೂರನ್ನು ಪಡೆದುಕೊಳ್ಳುವ ಕ್ರಮ

ದೂರು ಕೊಟ್ಟವರಿಂದ ಮೂರು ಸಂಗತಿಗಳನ್ನು ಪಠ್ಯರೂಪದಲ್ಲಿಯೇ ಕೇಳಿ ಪಡೆಯಬೇಕು: ಅವರು ಟೈಪ್ ಮಾಡಿದ ಅಥವಾ ಅಂಟಿಸಿದ ಪದ, ಆಗ ಬ್ರೌಸರಿನ ವಿಳಾಸಪಟ್ಟಿಯಲ್ಲಿದ್ದ ಪೂರ್ಣ ವಿಳಾಸ, ಮತ್ತು ಅವರು ಯಾವ ನಮೂದು ಸಿಗಬೇಕೆಂದು ನಿರೀಕ್ಷಿಸಿದ್ದರು ಎಂಬ ವಿವರ. ಪರದೆಯ ಚಿತ್ರವಷ್ಟೇ ಸಾಲುವುದಿಲ್ಲ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಪದಗಳು ಕಂಪ್ಯೂಟರಿನ ಮಟ್ಟಿಗೆ ಬೇರೆಬೇರೆ ಆಗಿರಬಹುದು, ಮತ್ತು ಆ ವ್ಯತ್ಯಾಸ ಚಿತ್ರದಲ್ಲಿ ಕಾಣಸಿಗದು.

ಅನಂತರ ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಬೇಕು. ಆ ನಮೂದು ನಮ್ಮ ದತ್ತಸಂಚಯದಲ್ಲಿ ನಿಜವಾಗಿಯೂ ಇದೆಯೇ? ಅದರ ವಿಳಾಸವನ್ನು ನೇರವಾಗಿ ಕೊಟ್ಟರೆ ಪುಟ ತೆರೆಯುತ್ತದೆಯೇ? ನಮೂದಿನ ಶೀರ್ಷಿಕೆಯನ್ನು ಅದೇ ಪುಟದಿಂದ ನಕಲು ಮಾಡಿ ಹುಡುಕು ಪೆಟ್ಟಿಗೆಗೆ ಅಂಟಿಸಿದರೆ ಅದು ಫಲಿತಾಂಶದಲ್ಲಿ ಬರುತ್ತದೆಯೇ? ಓದುಗರು ಕಳುಹಿಸಿದ ಪದವನ್ನು ಹಾಗೆಯೇ ಅಂಟಿಸಿದರೆ ಬರುತ್ತದೆಯೇ? ‘ಹೌದು’ ಎಂಬ ಉತ್ತರ ಎಲ್ಲಿ ಮೊದಲ ಬಾರಿಗೆ ‘ಇಲ್ಲ’ ಆಗುತ್ತದೆಯೋ ದೋಷ ಅಲ್ಲಿದೆ. ನಾಲ್ಕಕ್ಕೂ ‘ಹೌದು’ ಎಂದೇ ಉತ್ತರ ಬಂದರೆ ಓದುಗರು ಪುಟವನ್ನು ತಲುಪಿದ್ದಾರೆ. ಪುಟದ ಒಳಗಡೆ ದಾರಿ ತಪ್ಪಿದ್ದಾರೆ. ಮೊದಲ ಪ್ರಶ್ನೆಗೇ ‘ಇಲ್ಲ’ ಎಂದಾದರೆ ಅದು ಸಂಪಾದಕರ ಕೆಲಸ, ತಂತ್ರಜ್ಞರದಲ್ಲ.

ವಿಳಾಸ ತೆರೆಯದಿದ್ದರೆ

ಪುಟದ ಬದಲು ದೋಷಸೂಚನೆ ಕಾಣಿಸಿದಾಗ ಮೊದಲು ನೋಡಬೇಕಾದದ್ದು ಸರ್ವರ್ ಕಳುಹಿಸಿದ ಸ್ಥಿತಿಸಂಖ್ಯೆ. 404 ಬಂದರೆ ಆ ವಿಳಾಸದಲ್ಲಿ ಏನೂ ಇಲ್ಲ ಎಂದರ್ಥ. ಇದಕ್ಕಿಂತ ಕೆಟ್ಟದ್ದು, ಪರದೆಯಲ್ಲಿ ‘ಪುಟ ಸಿಗಲಿಲ್ಲ’ ಎಂದು ತೋರಿಸುತ್ತಲೇ ಎಲ್ಲವೂ ಸರಿಯಾಗಿದೆ ಎಂಬ 200 ಸಂಖ್ಯೆಯನ್ನು ಕಳುಹಿಸುವ ವ್ಯವಸ್ಥೆ. ಹೀಗಾದಾಗ ಸರ್ವರಿನ ಲಾಗ್‌ನಲ್ಲಿ (ಕೋರಿಕೆಗಳ ದಾಖಲೆಯಲ್ಲಿ) ದೋಷವೇ ದಾಖಲಾಗುವುದಿಲ್ಲ, ಕೊಂಡಿಗಳನ್ನು ತಪಾಸಣೆ ಮಾಡುವ ತಂತ್ರಾಂಶಗಳಿಗೂ ಅದು ಕಾಣುವುದಿಲ್ಲ, ಹೊರಗಿನ ಸರ್ಚ್ ಎಂಜಿನ್‌ಗಳು ಆ ಖಾಲಿ ಪುಟವನ್ನೇ ನಮೂದೆಂದು ಭಾವಿಸುವ ಸಾಧ್ಯತೆಯೂ ಉಂಟು. ದುರಸ್ತಿಯ ಮೊದಲ ಹೆಜ್ಜೆ ಈ ಸುಳ್ಳು 200ನ್ನು ನಿಲ್ಲಿಸುವುದು. ವಿಳಾಸ ಶಾಶ್ವತವಾಗಿ ಬದಲಾಗಿದ್ದರೆ 301, ತಾತ್ಕಾಲಿಕವಾಗಿ ಬದಲಾಗಿದ್ದರೆ 302, ನಮೂದನ್ನು ಉದ್ದೇಶಪೂರ್ವಕವಾಗಿ ತೆಗೆದುಹಾಕಿದ್ದರೆ 410 ಎಂದು ಸರ್ವರ್ ಸ್ಪಷ್ಟವಾಗಿ ಹೇಳಬೇಕು.

ವಿಳಾಸಗಳು ಮುರಿಯುವುದಕ್ಕೆ ಬಹುಪಾಲು ಕಾರಣ, ವಿಳಾಸದೊಳಗೆ ಬದಲಾಗುವಂತಹ ಸಂಗತಿಗಳನ್ನು ಸೇರಿಸಿರುವುದು. ನಮೂದಿನ ಶೀರ್ಷಿಕೆ, ಅಧ್ಯಾಯದ ಹೆಸರು, ಆವೃತ್ತಿಯ ವರ್ಷ, ಬಳಸುತ್ತಿರುವ ತಂತ್ರಾಂಶದ ಕಡತ ವಿಸ್ತರಣೆ ಇವೆಲ್ಲವೂ ಒಂದಲ್ಲ ಒಂದು ದಿನ ಬದಲಾಗುತ್ತವೆ. ಕನ್ನಡ ಶೀರ್ಷಿಕೆಯನ್ನು ವಿಳಾಸದಲ್ಲಿ ಬಳಸಿದಾಗ ಇನ್ನೊಂದು ತೊಡಕೂ ಇದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು, ಪ್ರತಿ ಬೈಟೂ ವಿಳಾಸದಲ್ಲಿ % ಚಿಹ್ನೆಯೊಂದಿಗೆ ಮೂರು ಅಕ್ಷರಗಳಾಗಿ ಬರೆಯಲ್ಪಡುತ್ತದೆ. ‘ದ್ಯುತಿಸಂಶ್ಲೇಷಣೆ’ ಎಂಬ ಪದದಲ್ಲಿ ಒತ್ತು, ಸ್ವರಚಿಹ್ನೆಗಳೂ ಸೇರಿ 15 ಸಂಕೇತಗಳಿವೆ; ವಿಳಾಸವನ್ನು ನಕಲು ಮಾಡಿ ಇಮೇಲಿಗೆ ಅಂಟಿಸಿದಾಗ ಅದು 135 ಅಕ್ಷರಗಳ ಉದ್ದನೆಯ ಸಾಲಾಗುತ್ತದೆ, ಸಾಲು ಮುರಿದಲ್ಲಿ ಕೊಂಡಿಯೂ ಮುರಿಯುತ್ತದೆ. ಪ್ರತಿ ನಮೂದಿಗೆ ಎಂದಿಗೂ ಬದಲಾಗದ ಒಂದು ಚಿಕ್ಕ ಸಂಖ್ಯೆಯನ್ನು ಕೊಟ್ಟು, ಆ ಸಂಖ್ಯೆಯಷ್ಟರಿಂದಲೇ ಪುಟ ತೆರೆಯುವಂತೆ ಮಾಡಿ, ಶೀರ್ಷಿಕೆಯನ್ನು ವಿಳಾಸದಲ್ಲಿ ಐಚ್ಛಿಕ ಅಲಂಕಾರವಾಗಿ ಉಳಿಸಿಕೊಳ್ಳುವುದು ಸುರಕ್ಷಿತ ಮಾರ್ಗ. ವಿದ್ವತ್ಪ್ರಕಟಣೆಯ ಲೋಕ 2000ದಿಂದ ಬಳಸುತ್ತಿರುವ, ಲೇಖನ ಮೊದಲಾದವುಗಳಿಗೆ ಸ್ಥಿರ ಗುರುತು ಕೊಡುವ ಡಿಒಐ ವ್ಯವಸ್ಥೆಯ ತತ್ತ್ವವೂ ಇದೇ: ಗುರುತಿನ ಸಂಖ್ಯೆ ಸ್ಥಿರ, ಅದು ತೋರಿಸುವ ವಿಳಾಸವನ್ನು ಪ್ರಕಾಶಕರು ಬದಲಿಸುತ್ತ ಹೋಗಬಹುದು. ಆದರೆ ವಿಳಾಸ ಬದಲಾದಾಗ ಪ್ರಕಾಶಕರೇ ಅದನ್ನು ನೋಂದಣಿಯಲ್ಲಿ ತಿದ್ದದಿದ್ದರೆ ಡಿಒಐ ಕೂಡ 404ಕ್ಕೇ ಕೊಂಡೊಯ್ಯುತ್ತದೆ.

ನಮೂದಿನ ಮಟ್ಟಕ್ಕಿಂತ ಕೆಳಗಿನ ವಿಳಾಸಗಳಿಗೂ ಇದೇ ಗಮನ ಬೇಕು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 1964ರಲ್ಲಿ ಮುದ್ರಣವಾಗಿದ್ದ ಗಣಿತ ಫಲನಗಳ ಕೈಪಿಡಿಯ ಉತ್ತರಾಧಿಕಾರಿಯಾಗಿ 2010ರಲ್ಲಿ ಜಾಲಕ್ಕೆ ತಂದ ಡಿಜಿಟಲ್ ಗ್ರಂಥಾಲಯದಲ್ಲಿ ಪ್ರತಿಯೊಂದು ಸಮೀಕರಣಕ್ಕೂ ತನ್ನದೇ ಸಂಖ್ಯೆ, ತನ್ನದೇ ವಿಳಾಸ ಇದೆ. ಗಾಮಾ ಫಲನದ ಅನುಕಲನ ರೂಪದ ವ್ಯಾಖ್ಯೆ ಅಲ್ಲಿ 5.2.1; ಪ್ರಬಂಧವೊಂದರಲ್ಲಿ ಆ ಸಂಖ್ಯೆಯನ್ನು ಕೊಟ್ಟರೆ ಓದುಗರು ಅಧ್ಯಾಯವನ್ನು ತಡಕಾಡಬೇಕಿಲ್ಲ. ಸೂತ್ರಸಂಗ್ರಹ, ಕೋಷ್ಟಕ, ಚಿತ್ರಪಟಗಳಿರುವ ಯಾವುದೇ ಗ್ರಂಥಕ್ಕೂ ಇದು ಅನುಸರಿಸಲು ಯೋಗ್ಯವಾದ ಮಾದರಿ.

ಇಲ್ಲಿ ಪತ್ತೆಗೆ ಸುಲಭವಾಗಿ ಸಿಗದ ಒಂದು ದೋಷವನ್ನು ಹೇಳಬೇಕು. ಹಳೆಯ ತಾಣದಲ್ಲಿ ಒಂದು ಅಧ್ಯಾಯ ಒಂದೇ ಉದ್ದ ಪುಟವಾಗಿದ್ದು, ಒಳಗಿನ ವಿಭಾಗಗಳನ್ನು # ಚಿಹ್ನೆಯ ನಂತರದ ಹೆಸರಿನಿಂದ ಸೂಚಿಸುತ್ತಿದ್ದರು ಎಂದಿಟ್ಟುಕೊಳ್ಳಿ. ಹೊಸ ತಾಣದಲ್ಲಿ ಆ ವಿಭಾಗಗಳು ಬೇರೆಬೇರೆ ಪುಟಗಳಾದವು, ಹಳೆಯ ವಿಳಾಸಕ್ಕೆ 301 ಕೂಡ ಹಾಕಲಾಯಿತು. ಆದರೂ ಹಳೆಯ ಕೊಂಡಿ ಒತ್ತಿದವರೆಲ್ಲ ಅಧ್ಯಾಯದ ಮೊದಲ ಪುಟಕ್ಕೇ ಬಂದು ಬೀಳುತ್ತಾರೆ. ಕಾರಣವೇನೆಂದರೆ, # ಚಿಹ್ನೆ ಮತ್ತು ಅದರ ಮುಂದಿನ ಭಾಗವನ್ನು ಬ್ರೌಸರ್ ಸರ್ವರಿಗೆ ಕಳುಹಿಸುವುದೇ ಇಲ್ಲ. ಓದುಗರಿಗೆ ಯಾವ ವಿಭಾಗ ಬೇಕಿತ್ತೆಂಬುದು ಸರ್ವರಿಗೆ ತಿಳಿಯುವ ದಾರಿಯಿಲ್ಲ, ಲಾಗ್‌ನಲ್ಲೂ ಅದರ ಗುರುತಿರುವುದಿಲ್ಲ. ಇದಕ್ಕೆ ಪರಿಹಾರ ಸರ್ವರಿನಲ್ಲಿಲ್ಲ. ಅಧ್ಯಾಯದ ಮೊದಲ ಪುಟದಲ್ಲಿ ಒಂದು ಪುಟ್ಟ ಜಾವಾಸ್ಕ್ರಿಪ್ಟ್ ಇಟ್ಟು, ಅದು # ಚಿಹ್ನೆಯ ಮುಂದಿನ ಹಳೆಯ ಹೆಸರನ್ನು ಓದಿ ಹೊಸ ಪುಟಕ್ಕೆ ಕಳುಹಿಸುವಂತೆ ಮಾಡಬೇಕು.

ನಕಲು ಮಾಡಿದ ಶೀರ್ಷಿಕೆಯಿಂದಲೂ ಸಿಗದಿದ್ದರೆ

ಪುಟ ತೆರೆಯುತ್ತದೆ, ಆದರೆ ಅದೇ ಪುಟದ ಶೀರ್ಷಿಕೆಯನ್ನು ನಕಲಿಸಿ ಹುಡುಕಿದರೂ ಸಿಗುವುದಿಲ್ಲ ಎಂದಾದರೆ ನಮೂದು ಹುಡುಕಾಟದ ಸೂಚಿಯೊಳಗೆ (ಹುಡುಕುವ ತಂತ್ರಾಂಶ ನೋಡುವ ಪದಪಟ್ಟಿಯೊಳಗೆ) ಸೇರಿಯೇ ಇಲ್ಲ. ತಿದ್ದುಪಡಿಯ ನಂತರ ಸೂಚಿಯನ್ನು ಮರುರಚಿಸಿಲ್ಲವೇ ಎಂಬುದನ್ನು ಮೊದಲು ನೋಡಬೇಕು. ಹೊಸ ನಮೂದುಗಳು ಮಾತ್ರ ಸಿಗದಿದ್ದರೆ ಕಾರಣ ಬಹುತೇಕ ಇದೇ. ತಾಣದೊಳಗಿನ ಹುಡುಕಾಟದಲ್ಲಿ ಸಿಕ್ಕಿ ಹೊರಗಿನ ಸರ್ಚ್ ಎಂಜಿನ್‌ಗಳಲ್ಲಿ ಸಿಗದಿದ್ದರೆ ಸರ್ಚ್ ಎಂಜಿನ್‌ಗಳು ಎಲ್ಲಿಗೆ ಬರಬಾರದೆಂದು ಹೇಳುವ ರೋಬೋಟ್ಸ್ ಕಡತದಲ್ಲಿ ಆ ವಿಭಾಗವನ್ನು ನಿರ್ಬಂಧಿಸಲಾಗಿದೆಯೇ, ತಾಣದ ವಿಳಾಸಗಳನ್ನು ಅವುಗಳಿಗೆ ಪಟ್ಟಿಮಾಡಿ ಕೊಡುವ ತಾಣನಕ್ಷೆಯ ಕಡತದಲ್ಲಿ ಆ ವಿಳಾಸಗಳಿವೆಯೇ ಎಂದು ಪರಿಶೀಲಿಸಬೇಕು. ಒಂದು ತಾಣನಕ್ಷೆಯಲ್ಲಿ 50,000 ವಿಳಾಸಗಳಿಗಿಂತ ಹೆಚ್ಚು ಇರುವಂತಿಲ್ಲ. ದೊಡ್ಡ ಕೋಶಗಳು ಈ ಮಿತಿಯನ್ನು ದಾಟಿದಾಗ ಕಡತವನ್ನು ಹಲವು ಭಾಗಗಳಾಗಿ ಒಡೆಯಬೇಕು.

ಪಿಡಿಎಫ್ ರೂಪದಲ್ಲಿರುವ ಸಂಪುಟಗಳಿಗೆ ಬೇರೆಯೇ ಪರೀಕ್ಷೆ ಬೇಕು. ಪುಟದ ಮೇಲಿನ ಒಂದು ವಾಕ್ಯವನ್ನು ಆಯ್ಕೆ ಮಾಡಿ ಸರಳ ಪಠ್ಯದ ಕಡತಕ್ಕೆ ಅಂಟಿಸಿ ನೋಡಿ. ಏನನ್ನೂ ಆಯ್ಕೆ ಮಾಡಲಾಗದಿದ್ದರೆ ಅದು ಬರಿಯ ಸ್ಕ್ಯಾನ್ ಚಿತ್ರ, ಅಕ್ಷರ ಗುರುತಿಸುವಿಕೆ ಆಗಬೇಕು. ಅಂಟಿಸಿದಾಗ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದಂತೆ ಬಂದರೆ, ಆ ಪಠ್ಯ ಯುನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟ್ ಸಂಕೇತಗಳಲ್ಲಿದೆ. ಕಣ್ಣಿಗೆ ಶುದ್ಧ ಕನ್ನಡವಾಗಿಯೇ ಕಾಣುವುದರಿಂದ ಈ ದೋಷ ಬಹಳ ಕಾಲ ಯಾರ ಗಮನಕ್ಕೂ ಬಾರದೆ ಉಳಿಯುತ್ತದೆ. ಸಂಪುಟವೇ ಹುಡುಕಾಟಕ್ಕೆ ಅದೃಶ್ಯವಾಗಿರುತ್ತದೆ. ಮೂಲ ಕಡತಗಳನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತಂದು, ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಅರ್ಕಾವತ್ತೂ ಸರಿಯಾಗಿ ಬಂದಿವೆಯೇ ಎಂದು ಓದಿ ನೋಡುವುದರ ಹೊರತು ಇದಕ್ಕೆ ಅಡ್ಡದಾರಿಯಿಲ್ಲ.

ಸಮೀಕರಣಗಳನ್ನು ಚಿತ್ರಗಳಾಗಿ ಇಟ್ಟಿದ್ದರೆ ಅವೂ ಹುಡುಕಾಟಕ್ಕೆ ಸಿಗುವುದಿಲ್ಲ, ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿದೋಷವುಳ್ಳವರಿಗೂ ದಕ್ಕುವುದಿಲ್ಲ. ಗಣಿತವನ್ನು ಗುರುತು ಮಾಡುವ ಮ್ಯಾಥ್‌ಎಂಎಲ್ 1998ರಿಂದಲೇ ಇದ್ದರೂ ಬ್ರೌಸರುಗಳ ಬೆಂಬಲ ಅಪೂರ್ಣವಾಗಿತ್ತು. 2023ರ ಜನವರಿಯಲ್ಲಿ ಬಂದ ಕ್ರೋಮ್ 109ರ ನಂತರ ಆ ನೆಪ ಉಳಿದಿಲ್ಲ.

ನಕಲು ಮಾಡಿದರೆ ಸಿಗುತ್ತದೆ, ಟೈಪ್ ಮಾಡಿದರೆ ಸಿಗುವುದಿಲ್ಲ

ಕನ್ನಡದ ವಿಜ್ಞಾನಕೋಶಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಇದನ್ನೇ ಹೆಚ್ಚು ತಾಳ್ಮೆಯಿಂದ ಪರೀಕ್ಷಿಸಬೇಕು.

‘ಕೋಶ’ ಎಂಬ ಪದವನ್ನೇ ತೆಗೆದುಕೊಳ್ಳಿ. ಇಲ್ಲಿನ ಓಕಾರದ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಒಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂದು ಎರಡಾಗಿ ಬರೆಯಬಹುದು. ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರಾಗಿಯೂ ಬರೆಯಬಹುದು. ಮೂರೂ ಪರದೆಯ ಮೇಲೆ ಒಂದೇ. ಹುಡುಕಾಟದ ಸೂಚಿಯಲ್ಲಿ ಒಂದು ರೂಪವಿದ್ದು ಓದುಗರು ಬಳಸುವ ಕೀಲಿಮಣೆ ಇನ್ನೊಂದು ರೂಪವನ್ನು ಉಂಟುಮಾಡಿದರೆ ಹೊಂದಾಣಿಕೆ ಆಗುವುದಿಲ್ಲ. ಯುನಿಕೋಡಿನ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಕ್ರಮ ಈ ಮೂರನ್ನೂ ಒಂದೇ ರೂಪಕ್ಕೆ ತರುತ್ತದೆ. ಸೂಚಿಯನ್ನು ರಚಿಸುವಾಗಲೂ ಓದುಗರ ಪದವನ್ನು ಸ್ವೀಕರಿಸುವಾಗಲೂ ಅದನ್ನು ಅನ್ವಯಿಸಬೇಕು. ಒಂದು ಕಡೆ ಮಾತ್ರ ಅನ್ವಯಿಸಿದರೆ ದೋಷ ಇನ್ನಷ್ಟು ಗೋಜಲಾಗುತ್ತದೆ.

ಎನ್‌ಎಫ್‌ಸಿಯಿಂದ ಪರಿಹಾರವಾಗದ ತೊಡಕು ಅದೃಶ್ಯ ಸಂಕೇತಗಳದು. ‘ಕ್ರೋಮೋಸೋಮ್‌ಗಳು’ ಎಂದು ಬರೆಯುವಾಗ ಮಕಾರಕ್ಕೆ ಗಕಾರ ಒತ್ತಾಗಿ ಸೇರದಂತೆ ನಡುವೆ ಶೂನ್ಯ ಅಗಲದ ವಿಭಜಕವೊಂದನ್ನು ಹಾಕಿರುತ್ತೇವೆ. ಹುಡುಕುವವರು ಅವಸರದಲ್ಲಿ ಅದನ್ನು ಬಿಟ್ಟು ‘ಕ್ರೋಮೋಸೋಮ್ಗಳು’ ಎಂದು ಬರೆಯುತ್ತಾರೆ. ‘ಸೂರ್ಯ’ ಪದವನ್ನು ಅರ್ಕಾವತ್ತಿನ ಬದಲು ರಕಾರಕ್ಕೆ ಯಕಾರದ ಒತ್ತು ಕೊಟ್ಟು ಬರೆಯುವವರು ಶೂನ್ಯ ಅಗಲದ ಸಂಯೋಜಕವೊಂದನ್ನು ಬಳಸಿರುತ್ತಾರೆ. ಈ ಎರಡೂ ಸಂಕೇತಗಳನ್ನು ಸೂಚಿಯಿಂದಲೂ ಪ್ರಶ್ನೆಯಿಂದಲೂ ತೆಗೆದುಹಾಕಿ ಹೋಲಿಸಬೇಕು, ಆದರೆ ಪುಟದಲ್ಲಿ ತೋರಿಸುವ ಪಠ್ಯದಿಂದ ತೆಗೆಯಕೂಡದು. ತೆಗೆದರೆ ಪದದ ರೂಪವೇ ಕೆಡುತ್ತದೆ.

ಚಿಹ್ನೆ ಮತ್ತು ಅಂಕಿಗಳ ಕಡೆಗೆ ಬಂದರೆ, ಮೈಕ್ರೋ ಎಂಬ ಪೂರ್ವಪ್ರತ್ಯಯದ ಚಿಹ್ನೆಗೂ ಗ್ರೀಕ್ ಅಕ್ಷರವಾದ ಮ್ಯೂಗೂ ಯುನಿಕೋಡಿನಲ್ಲಿ ಬೇರೆಬೇರೆ ಸಂಕೇತಗಳಿವೆ. ಕನ್ನಡದ ಅಂಕಿಯಲ್ಲಿ ೨೩ ಎಂದು ಬರೆದ ನಮೂದು 23 ಎಂದು ಹುಡುಕಿದರೆ ಸಿಗದಿರಬಹುದು. ಇವನ್ನೆಲ್ಲ ಒಂದೇ ಏಟಿಗೆ ಸರಿಪಡಿಸುವ ಆಸೆಯಿಂದ ಕೆಲವರು ಎನ್‌ಎಫ್‌ಕೆಸಿ ಎಂಬ ಇನ್ನೂ ಕಟ್ಟುನಿಟ್ಟಿನ ಕ್ರಮವನ್ನು ಇಡೀ ದತ್ತಸಂಚಯಕ್ಕೆ ಅನ್ವಯಿಸುತ್ತಾರೆ. ಇದು ಅಪಾಯಕಾರಿ. ಆ ಕ್ರಮ ಮೇಲ್ಬರಹದ ಅಂಕಿಯನ್ನು ಸಾಮಾನ್ಯ ಅಂಕಿಯಾಗಿಸುತ್ತದೆ. ಯುನಿಕೋಡಿನ ಮೇಲ್ಬರಹ ಸಂಕೇತಗಳಿಂದ ಬರೆದ 10²³ ಎಂಬ ಸಂಖ್ಯೆ 1023 ಆಗಿಬಿಡುತ್ತದೆ, ಅವೊಗಾಡ್ರೊ ಸಂಖ್ಯೆಯ ನಮೂದು ಅರ್ಥಹೀನವಾಗುತ್ತದೆ. ಇನ್ನೊಂದೆಡೆ, ಕನ್ನಡ ಅಂಕಿಯನ್ನು ರೂಢಿಯ ಅಂಕಿಗೆ ಬದಲಿಸುವ ಕೆಲಸವನ್ನು ಅದು ಮಾಡುವುದೂ ಇಲ್ಲ, ಅದಕ್ಕೆ ಬೇರೆ ನಿಯಮ ಬೇಕು. ಇಂತಹ ಪರಿವರ್ತನೆಗಳನ್ನೆಲ್ಲ ಹುಡುಕಾಟದ ಸೂಚಿಯೊಳಗೆ ಮಾತ್ರ ಮಾಡಿ, ಮೂಲ ಪಠ್ಯವನ್ನು ಮುಟ್ಟದೆ ಬಿಡುವುದು ನಿಯಮವಾಗಬೇಕು.

ಪ್ರತಿ ರಾಸಾಯನಿಕಕ್ಕೂ ಪ್ರತ್ಯೇಕವಾಗಿ ಕೊಡುವ ಸಿಎಎಸ್ ನೋಂದಣಿ ಸಂಖ್ಯೆಯೊಂದನ್ನು ಹತ್ತಿರದಿಂದ ನೋಡಿದರೆ ಈ ವರ್ಗದ ದೋಷಗಳೆಲ್ಲ ಒಂದೆಡೆ ಕಾಣುತ್ತವೆ. ನೀರಿನ ಸಂಖ್ಯೆ 7732-18-5. ಹುಡುಕಾಟದ ತಂತ್ರಾಂಶ ಸಣ್ಣ ಗೆರೆಯನ್ನು ಪದಗಳ ನಡುವಿನ ಬಿಡುವೆಂದು ಪರಿಗಣಿಸಿದರೆ ಅದು 7732, 18, 5 ಎಂಬ ಮೂರು ತುಂಡುಗಳಾಗುತ್ತದೆ, 18 ಮತ್ತು 5 ಇರುವ ಪ್ರತಿಯೊಂದು ನಮೂದೂ ಫಲಿತಾಂಶದೊಳಗೆ ನುಗ್ಗುತ್ತದೆ. ಓದುಗರು ಸಂಖ್ಯೆಯನ್ನು ಮುದ್ರಣಕ್ಕಾಗಿ ಜೋಡಿಸಿದ ಪಿಡಿಎಫ್‌ನಿಂದ ನಕಲಿಸಿದ್ದರೆ ಗೆರೆಯ ಜಾಗದಲ್ಲಿ ಸ್ವಲ್ಪ ಉದ್ದನೆಯ ಬೇರೊಂದು ಗೆರೆ ಇರಬಹುದು, ಆಗ ಏನೂ ಸಿಗುವುದಿಲ್ಲ. ಪರಿಹಾರವೆಂದರೆ ಈ ಸಂಖ್ಯೆಗಳಿಗೆ ಪ್ರತ್ಯೇಕ ಕ್ಷೇತ್ರವನ್ನಿಟ್ಟು, ಎಲ್ಲ ಬಗೆಯ ಗೆರೆಗಳನ್ನೂ ಒಂದೇ ಎಂದು ಎಣಿಸಿ, ಇಡೀ ಸಂಖ್ಯೆಯನ್ನು ಅಖಂಡವಾಗಿ ಹೋಲಿಸುವುದು. ಓದುಗರು ತಪ್ಪು ಅಂಕಿ ಹೊಡೆದಿದ್ದಾರೆಯೇ ಎಂಬುದನ್ನೂ ಇಲ್ಲಿ ತಿಳಿಯಬಹುದು, ಏಕೆಂದರೆ ಕೊನೆಯ ಅಂಕಿ ತಾಳೆಗಾಗಿಯೇ ಇರುವುದು. ಅದನ್ನು ಬಿಟ್ಟು ಉಳಿದ ಅಂಕಿಗಳನ್ನು ಬಲದಿಂದ ಎಡಕ್ಕೆ 1, 2, 3 ಎಂದು ಕ್ರಮವಾಗಿ ಗುಣಿಸಿ ಕೂಡಿದರೆ 8, 2, 6, 12, 35, 42 ಸೇರಿ 105 ಆಗುತ್ತದೆ. ಅದರ ಬಿಡಿಸ್ಥಾನದ 5 ತಾಳೆಯ ಅಂಕಿಗೆ ಸಮವಾಗಿದೆ. ತಾಳೆಯಾಗದ ಸಂಖ್ಯೆಗೆ ‘ಫಲಿತಾಂಶವಿಲ್ಲ’ ಎನ್ನುವ ಬದಲು ‘ಸಂಖ್ಯೆಯನ್ನು ಮತ್ತೊಮ್ಮೆ ಪರಿಶೀಲಿಸಿ’ ಎಂದು ಹೇಳುವುದು ಓದುಗರಿಗೆ ದೊಡ್ಡ ಉಪಕಾರ.

ವಿಭಕ್ತಿ ಪ್ರತ್ಯಯಗಳ ಸಮಸ್ಯೆ ಇದಕ್ಕಿಂತ ಭಿನ್ನ. ‘ಜೀವಕೋಶದಲ್ಲಿ’ ಎಂದು ಹುಡುಕಿದವರಿಗೆ ‘ಜೀವಕೋಶ’ ನಮೂದು ಸಿಗಬೇಕಾದರೆ ಪ್ರತ್ಯಯವನ್ನು ಕಳಚುವ ನಿಯಮಗಳು ಬೇಕು; ಅವು ಪೂರ್ತಿ ನಿಖರವಾಗಿರಬೇಕೆಂದು ಕಾಯುವುದಕ್ಕಿಂತ ಸಾಮಾನ್ಯವಾದ ಕೆಲವು ಪ್ರತ್ಯಯಗಳಿಂದ ಆರಂಭಿಸುವುದು ಮೇಲು. ಎರವಲು ಪದಗಳ ಕಾಗುಣಿತವೂ ಹಲವು ಬಗೆ: ಪ್ರೋಟೀನ್, ಪ್ರೊಟೀನ್, ಪ್ರೋಟಿನ್. ಹ್ರಸ್ವದೀರ್ಘಗಳ ಭೇದವನ್ನು ಎಲ್ಲೆಡೆ ಅಳಿಸಿದರೆ ‘ಬಲ’ ಹುಡುಕಿದವರಿಗೆ ‘ಬಾಲ’ವೂ ಬರುತ್ತದೆ, ಆದ್ದರಿಂದ ಮೊದಲು ನಿಖರ ಹೋಲಿಕೆ ಮಾಡಿ, ಏನೂ ಸಿಗದಿದ್ದಾಗ ಮಾತ್ರ ಸಡಿಲ ಹೋಲಿಕೆಗೆ ಹೋಗಬೇಕು.

ಪದ ಸರಿಯಿದೆ, ಆದರೆ ನಮೂದಿನ ಹೆಸರು ಬೇರೆ

ಮುದ್ರಿತ ಕೋಶದ ‘ನೋಡಿ’ ಸೂಚನೆಗಳನ್ನು ಜಾಲಕ್ಕೆ ತರುವಾಗ ಕೈಬಿಟ್ಟಿದ್ದರೆ ಅದರ ಪರಿಣಾಮ ಇಲ್ಲಿ ಗೋಚರಿಸುತ್ತದೆ. ಪಾದರಸ ಎಂಬ ನಮೂದಿರುವ ಕೋಶದಲ್ಲಿ ‘ಮರ್ಕ್ಯುರಿ’ ಎಂದು ಹುಡುಕಿದವರಿಗೆ ಶೂನ್ಯ ಫಲಿತಾಂಶ ಬರಬಾರದು. ಅದೇ ವೇಳೆ ಅವರು ಬುಧಗ್ರಹವನ್ನು ಹುಡುಕುತ್ತಿರಲೂಬಹುದು ಎಂಬುದನ್ನು ಮರೆಯುವಂತಿಲ್ಲ. ಜೀವಿಗಳ ವೈಜ್ಞಾನಿಕ ನಾಮಗಳಲ್ಲಿ ಇದು ಇನ್ನೂ ತೀವ್ರ. ಟೊಮೆಟೊ ಗಿಡವನ್ನು ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಸೊಲಾನಮ್ ಲೈಕೊಪರ್ಸಿಕಮ್ ಎಂದು ಕರೆದ. 1768ರಲ್ಲಿ ಮಿಲ್ಲರ್ ಅದಕ್ಕೆ ಲೈಕೊಪರ್ಸಿಕಾನ್ ಎಸ್ಕುಲೆಂಟಮ್ ಎಂಬ ಹೆಸರು ಕೊಟ್ಟ. ದೀರ್ಘಕಾಲ ಆ ಹೆಸರೇ ಪಠ್ಯಗಳಲ್ಲಿ ಬಳಕೆಯಲ್ಲಿದ್ದು ಈಗ ವರ್ಗೀಕರಣಕಾರರು ಬಹುಮಟ್ಟಿಗೆ ಲಿನೇಯಸ್‌ನ ಹೆಸರಿಗೇ ಮರಳಿದ್ದಾರೆ. ಹಳೆಯ ಪಠ್ಯವನ್ನು ಓದುತ್ತಿರುವ ವಿದ್ಯಾರ್ಥಿ ಹಳೆಯ ಹೆಸರಿನಿಂದಲೇ ಹುಡುಕುತ್ತಾನೆ, ಅದು ಅವನ ತಪ್ಪಲ್ಲ.

ಒಂದೇ ಹೆಸರು ಎರಡು ಜೀವಿಗಳಿಗೆ ಇರುವ ಪ್ರಸಂಗವೂ ಉಂಟು. ಮೋರಸ್ ಎಂಬುದು ಹಿಪ್ಪುನೇರಳೆಯ ಕುಲನಾಮ. ಗ್ಯಾನೆಟ್ ಎಂಬ ಕಡಲಹಕ್ಕಿಯ ಕುಲನಾಮವೂ ಅದೇ. ಸಸ್ಯನಾಮಗಳಿಗೂ ಪ್ರಾಣಿನಾಮಗಳಿಗೂ ಪ್ರತ್ಯೇಕ ಅಂತರರಾಷ್ಟ್ರೀಯ ಸಂಹಿತೆಗಳಿರುವುದರಿಂದ ಇದಕ್ಕೆ ನಿಯಮದ ಅಡ್ಡಿಯಿಲ್ಲ. ಇಂತಹ ಕಡೆ ತಂತ್ರಾಂಶ ತಾನೇ ಒಂದನ್ನು ಆರಿಸಿ ಓದುಗರನ್ನು ಅಲ್ಲಿಗೆ ತಳ್ಳಬಾರದು. ಎರಡನ್ನೂ ಒಂದೊಂದು ಸಾಲಿನ ವಿವರಣೆಯೊಂದಿಗೆ ಮುಂದಿಡಬೇಕು. ಪರ್ಯಾಯ ನಾಮಗಳ ಪಟ್ಟಿಯನ್ನು ಹುಡುಕಾಟದ ತಂತ್ರಾಂಶದ ಸಂರಚನೆಯೊಳಗೆ ಅಡಗಿಸದೆ ನಮೂದಿನ ಭಾಗವಾಗಿಯೇ ದತ್ತಸಂಚಯದಲ್ಲಿ ಇಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ತಂತ್ರಾಂಶ ಬದಲಾದ ದಿನ ಸಂರಚನೆ ಕಳೆದುಹೋಗುತ್ತದೆ. ನಮೂದಿನಲ್ಲಿದ್ದರೆ ಸಂಪಾದಕರು ಅದನ್ನು ನೋಡಿ ತಿದ್ದಲೂ ಸಾಧ್ಯ.

ಅಕಾರಾದಿ ಪಟ್ಟಿಯಲ್ಲಿ ನಮೂದು ಜಾಗ ತಪ್ಪಿದ್ದರೆ

ಹುಡುಕದೆ ಪಟ್ಟಿಯಲ್ಲಿಯೇ ನೋಡುವ ಅಭ್ಯಾಸವಿರುವ ಓದುಗರು ಅನೇಕರಿದ್ದಾರೆ, ವಿಶೇಷವಾಗಿ ಪದದ ನಿಖರ ರೂಪ ತಿಳಿಯದಿದ್ದಾಗ. ಯುನಿಕೋಡಿನ ಸಂಕೇತ ಸಂಖ್ಯೆಗಳ ಕ್ರಮದಲ್ಲಿ ‘ಳ’ ಅಕ್ಷರ ‘ಲ’ ಆದ ಕೂಡಲೆ ಬರುತ್ತದೆ. ಕನ್ನಡದ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಸಂಕೇತ ಸಂಖ್ಯೆಯನ್ನೇ ನೆಚ್ಚಿ ಜೋಡಿಸಿದ ಪಟ್ಟಿಯಲ್ಲಿ ‘ಕಳೆ’ ಎಂಬ ನಮೂದು ‘ಕವಚ’, ‘ಕಶೇರುಕ’, ‘ಕಹಿ’ ಇವುಗಳಿಗಿಂತ ಮೊದಲೇ ಬಂದಿರುತ್ತದೆ, ನಿಘಂಟಿನ ಕ್ರಮ ಬಲ್ಲವರು ಕೊನೆಯಲ್ಲಿ ನೋಡಿ ‘ಇಲ್ಲ’ ಎಂದು ಹೊರಟುಹೋಗುತ್ತಾರೆ. ದತ್ತಸಂಚಯದಲ್ಲಿ ಕನ್ನಡಕ್ಕೆ ನಿಗದಿಯಾದ ವಿಂಗಡಣಾ ಕ್ರಮವನ್ನು ಆಯ್ಕೆ ಮಾಡಿ, ಇಂತಹ ಕೆಲವು ಪದಗಳ ಜೋಡಣೆಯನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು.

ಪುಟ ತೆರೆದ ಮೇಲೆ ಬೇಕಾದ ಜಾಗ ಸಿಗದಿದ್ದರೆ

ವಿಭಾಗಕ್ಕೆ ಹೋಗುವ ಕೊಂಡಿ ಒತ್ತಿದಾಗ ಆ ವಿಭಾಗದ ಶೀರ್ಷಿಕೆ ಕಾಣದೆ ಎರಡನೆಯ ಸಾಲಿನಿಂದ ಪಠ್ಯ ಆರಂಭವಾದಂತೆ ತೋರಿದರೆ, ಪರದೆಯ ಮೇಲಂಚಿನಲ್ಲಿ ಸದಾ ನಿಂತಿರುವ ಪಟ್ಟಿ ಶೀರ್ಷಿಕೆಯನ್ನು ಮುಚ್ಚಿದೆ ಎಂದರ್ಥ. ಪಟ್ಟಿಯ ಎತ್ತರದಷ್ಟು ಸುರುಳಿ ಅಂಚನ್ನು (ಸ್ಕ್ರೋಲ್ ಮಾರ್ಜಿನ್) ಪುಟದ ವಿನ್ಯಾಸ ನಿಯಮಗಳ ಭಾಷೆಯಾದ ಸಿಎಸ್‌ಎಸ್‌ನಲ್ಲಿ ನಿಗದಿಪಡಿಸಿದರೆ ಸಾಕು. ಕೀಲಿಮಣೆಯಿಂದಲೇ ಓಡಾಡುವವರಿಗೆ ಇಂತಹ ಪಟ್ಟಿ ಇನ್ನೂ ತೊಡಕಿನದು. 2023ರ ಅಕ್ಟೋಬರಿನಲ್ಲಿ ಬಂದ ಜಾಲ ಸುಗಮ್ಯತಾ ಮಾರ್ಗಸೂಚಿಯ 2.2ನೆಯ ಆವೃತ್ತಿ, ಕೀಲಿಮಣೆಯಿಂದ ಆ ಕ್ಷಣ ತಲುಪಿರುವ ಅಂಶವನ್ನು ಇಂತಹ ಪಟ್ಟಿಗಳು ಪೂರ್ತಿಯಾಗಿ ಮುಚ್ಚಬಾರದೆಂಬ ಹೊಸ ಮಾನದಂಡವನ್ನೇ ಸೇರಿಸಿದೆ.

ಪುಟದೊಳಗೆ ಹುಡುಕಲು ಕಂಟ್ರೋಲ್-ಎಫ್ ಒತ್ತಿದಾಗ ಇರುವ ಪದವೂ ಸಿಗದಿದ್ದರೆ, ಆ ಭಾಗ ಮಡಚಿಟ್ಟ ವಿಭಾಗದಲ್ಲಿದೆ ಅಥವಾ ಕೆಳಗೆ ಸರಿದಂತೆಲ್ಲ ಪಠ್ಯವನ್ನು ತರುವ ವ್ಯವಸ್ಥೆಯಲ್ಲಿ ಇನ್ನೂ ಬಂದೇ ಇಲ್ಲ. ಸುದ್ದಿಗೆ ಹೊಂದುವ ಈ ಕೊನೆಯಿಲ್ಲದ ಸುರುಳಿ ಪರಾಮರ್ಶನ ಗ್ರಂಥಕ್ಕೆ ಎಂದಿಗೂ ಹೊಂದುವುದಿಲ್ಲ. ಅದನ್ನು ತೆಗೆದುಹಾಕುವುದೇ ದುರಸ್ತಿ. ಸ್ಕ್ಯಾನ್ ಮಾಡಿದ ಸಂಪುಟಗಳಲ್ಲಿ ಇನ್ನೊಂದು ಗೊಂದಲವಿದೆ. ಮುನ್ನುಡಿ ಮೊದಲಾದವುಗಳಿಗೆ 16 ಪುಟಗಳಿದ್ದರೆ ಗ್ರಂಥದ 37ನೆಯ ಪುಟ ಕಡತದಲ್ಲಿ 53ನೆಯದಾಗುತ್ತದೆ, ಪದಸೂಚಿ ಹೇಳುವ ಪುಟಕ್ಕೆ ಹೋದವರು ಬೇರೆಲ್ಲೋ ಇರುತ್ತಾರೆ. ಪಿಡಿಎಫ್ ಕಡತದಲ್ಲಿ ಮುದ್ರಿತ ಪುಟಸಂಖ್ಯೆಗಳನ್ನೇ ಪುಟದ ಹೆಸರುಗಳಾಗಿ ನಮೂದಿಸುವ ಅವಕಾಶವಿದೆ, ಅದನ್ನು ಬಳಸಬೇಕು.

ನೇರವಾಗಿ ಒಂದು ನಮೂದಿಗೆ ಬಂದವರಿಗೆ ತಾವು ಎಲ್ಲಿದ್ದೇವೆಂದು ತಿಳಿಯುವುದು ಇನ್ನೊಂದು ಅಗತ್ಯ. ನಮೂದಿನ ಮೇಲೆ ವಿಷಯದ ಶ್ರೇಣಿ, ಅಕ್ಕಪಕ್ಕದ ನಮೂದುಗಳ ಹೆಸರು, ಪಠ್ಯ ಕೊನೆಯ ಬಾರಿ ಪರಿಷ್ಕೃತವಾದ ದಿನಾಂಕ ಇರಬೇಕು. ದಿನಾಂಕದ ಮಹತ್ತ್ವಕ್ಕೆ ಪ್ಲಾಂಕ್ ಸ್ಥಿರಾಂಕ ಸಾಕ್ಷಿ: ಭೌತ ಸ್ಥಿರಾಂಕಗಳ ಶಿಫಾರಸು ಮಾಡಿದ ಮೌಲ್ಯಗಳನ್ನು ಕೊಡುವ ಕೋಡೇಟಾದ 2014ರ ಪಟ್ಟಿಯಲ್ಲಿ ಅದರ ಮೌಲ್ಯ 6.626070040 × 10⁻³⁴ ಜೂಲ್ ಸೆಕೆಂಡ್, ಅನಿಶ್ಚಿತತೆಯೊಂದಿಗೆ. ಕಿಲೋಗ್ರಾಮಿನ ಹೊಸ ವ್ಯಾಖ್ಯೆ ಜಾರಿಗೆ ಬಂದ 2019ರ ಮೇ 20ರಿಂದ ಅದು 6.62607015 × 10⁻³⁴, ಅನಿಶ್ಚಿತತೆಯಿಲ್ಲದ ನಿಗದಿತ ಮೌಲ್ಯ. ಹಳೆಯ ಆವೃತ್ತಿಯ ಪುಟವನ್ನು ಅಳಿಸಬೇಕಿಲ್ಲ, ಅಳಿಸಲೂಬಾರದು. ಹಿಂದಿನ ಲೆಕ್ಕಗಳನ್ನು ಪರಿಶೀಲಿಸುವವರಿಗೆ ಅದು ಬೇಕು. ಆದರೆ ಅದರ ನೆತ್ತಿಯಲ್ಲಿ ಹೊಸ ಆವೃತ್ತಿಗೆ ಸ್ಪಷ್ಟವಾದ ಕೊಂಡಿ ಇಲ್ಲದಿದ್ದರೆ ಓದುಗರು ದಾರಿ ತಪ್ಪಿದ್ದು ಅವರಿಗೇ ಗೊತ್ತಾಗದ ದೋಷ ಅದಾಗುತ್ತದೆ.

ದುರಸ್ತಿಯ ನಂತರ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸಬೇಕು. ಇದಕ್ಕಾಗಿ ನಿಜವಾದ ಓದುಗರು ಬಳಸಿದ ಪದಗಳ ಒಂದು ಸ್ಥಿರ ಪಟ್ಟಿಯನ್ನು, ಪ್ರತಿಯೊಂದಕ್ಕೂ ಸಿಗಬೇಕಾದ ನಮೂದಿನೊಂದಿಗೆ ಇಟ್ಟುಕೊಳ್ಳಬೇಕು. ಅದರಲ್ಲಿ ಹಳೆಯ ಹೆಸರುಗಳು, ಪ್ರತ್ಯಯ ಸಹಿತ ರೂಪಗಳು, ಅದೃಶ್ಯ ಸಂಕೇತವಿರುವ ಮತ್ತು ಇಲ್ಲದ ಪದಗಳು, ಸಂಖ್ಯೆಗಳು, # ಚಿಹ್ನೆಯುಳ್ಳ ಹಳೆಯ ವಿಳಾಸಗಳು ಎಲ್ಲವೂ ಇರಲಿ. ತಂತ್ರಾಂಶ ನವೀಕರಣವಾದಾಗಲೆಲ್ಲ ಇಡೀ ಪಟ್ಟಿಯನ್ನು ಓಡಿಸಿ ನೋಡಿದರೆ, ಒಂದು ದೋಷವನ್ನು ಸರಿಪಡಿಸುವಾಗ ಇನ್ನೊಂದು ಹಿಂದಿರುಗಿದ್ದು ಕೂಡಲೆ ತಿಳಿಯುತ್ತದೆ.

ಶೂನ್ಯ ಫಲಿತಾಂಶ ಕೊಟ್ಟ ಪ್ರಶ್ನೆಗಳನ್ನು ದಾಖಲಿಸುವ ಏರ್ಪಾಡು ತಾಣದಲ್ಲಿ ಇಲ್ಲದಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು. ದಾಖಲಿಸುವಾಗ ಹುಡುಕಿದವರ ಗುರುತನ್ನು ಇಟ್ಟುಕೊಳ್ಳಬೇಕಾಗಿಲ್ಲ, ಪದ ಮತ್ತು ದಿನಾಂಕ ಸಾಕು. ಆ ಪಟ್ಟಿಯನ್ನು ತಂತ್ರಜ್ಞರೂ ಸಂಪಾದಕರೂ ಒಟ್ಟಿಗೆ ಕುಳಿತು ಓದಬೇಕು. ಕಾಗುಣಿತ, ಸಂಕೇತ, ಪ್ರತ್ಯಯಗಳಿಗೆ ಸಂಬಂಧಿಸಿದವು ತಂತ್ರಜ್ಞರ ಪಾಲಿಗೆ. ಪರ್ಯಾಯ ನಾಮಗಳು ಆಯಾ ನಮೂದಿಗೆ ಸೇರ್ಪಡೆಯಾಗಲು ಸಂಪಾದಕರ ಪಾಲಿಗೆ. ಇವೆರಡೂ ಕಳೆದ ಮೇಲೆ ಉಳಿಯುವ ಪದಗಳು ಕೋಶದಲ್ಲಿ ಇನ್ನೂ ಬರೆಯದೆ ಇರುವ ನಮೂದುಗಳು, ಮುಂದಿನ ಪರಿಷ್ಕರಣೆಯಲ್ಲಿ ಬರೆಯಬೇಕಾದವುಗಳ ಪಟ್ಟಿ ಅದೇ.